ಮಗುವಿನ ಪಿಯಾನೊ ಪಾಠ: ಒಬ್ಬರಿಗೇ ಹೇಳಿಸುವುದೋ, ಗುಂಪಿಗೆ ಸೇರಿಸುವುದೋ

ಸಂಗೀತದ ಪಾಠ ಎಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣಿಗೆ ಕಟ್ಟುವುದು ಒಂದೇ ಚಿತ್ರ: ನಡುಮನೆಯಲ್ಲಿ ಜಮಖಾನ ಹಾಸಿದೆ, ಶ್ರುತಿಪೆಟ್ಟಿಗೆ ಗುಂಯ್‌ಗುಡುತ್ತಿದೆ, ಎಂಟು ಹತ್ತು ಮಕ್ಕಳು ಸಾಲಾಗಿ ಕುಳಿತು ಮಾಯಾಮಾಳವಗೌಳದ ಸರಳೆ ವರಸೆಯನ್ನು ಒಟ್ಟಾಗಿ ಹಾಡುತ್ತಿವೆ, ಟೀಚರ್ ತೊಡೆಯ ಮೇಲೆ ತಾಳ ಹಾಕುತ್ತಲೇ ಯಾವ ಮಗುವಿನ ಗಾಂಧಾರ ಜಾರಿತೆಂದು ಕಿವಿಯಲ್ಲೇ ಹಿಡಿಯುತ್ತಿದ್ದಾರೆ. ಗಾಯನಕ್ಕೆ ಈ ಏರ್ಪಾಡು ಚೆನ್ನಾಗಿ ಒಗ್ಗುತ್ತದೆ. ಹಿಂದುಳಿದ ಮಗು ಪಕ್ಕದವರ ದನಿಯನ್ನು ಆಸರೆ ಮಾಡಿಕೊಂಡು ವರಸೆಯನ್ನು ದಾಟಿಬಿಡುತ್ತದೆ. ತಪ್ಪು ನಡೆದರೆ ಅದು ಎಲ್ಲರಿಗೂ ಕೇಳಿಸುತ್ತದೆ. ಅದೇ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಪಿಯಾನೊ ಪಾಠ ಹುಡುಕಲು ಹೊರಟರೆ ಮಾತ್ರ ಲೆಕ್ಕ ತಪ್ಪುತ್ತದೆ. ಪಿಯಾನೊದಲ್ಲಿ ಸ್ವರ ಜಾರುವುದಿಲ್ಲ. ಐದು ವರ್ಷದ ಮಗು ಒತ್ತಿದರೂ ನುರಿತ ವಾದಕ ಒತ್ತಿದರೂ ಮಧ್ಯದ ಸಿ ಎಂಬ ಸ್ವರ ತನ್ನ ಸ್ಥಾನದಲ್ಲೇ ನುಡಿಯುತ್ತದೆ. ಇಲ್ಲಿ ಜಾರುವುದು ಕೈ. ಕೈ ಜಾರಿದ್ದು ಮೊದಮೊದಲು ಕಿವಿಗೆ ಗೊತ್ತಾಗುವುದಿಲ್ಲ, ಹತ್ತಿರ ಕುಳಿತು ನೋಡುವ ಕಣ್ಣಿಗೆ ಮಾತ್ರ ಗೊತ್ತಾಗುತ್ತದೆ.

ಈ ವ್ಯತ್ಯಾಸ ತಿಳಿಯದೆ ನಾವೂ ಎಡವಿದ್ದೇವೆ. ಮಗಳಿಗೆ ಐದು ತುಂಬಿದಾಗ, ಹೆಚ್ಚು ಶುಲ್ಕ ಕೊಟ್ಟರೆ ಹೆಚ್ಚು ಗಮನ ಸಿಗುತ್ತದೆಂಬ ಎಣಿಕೆಯಲ್ಲಿ ವಾರಕ್ಕೆ ಎರಡು ದಿನ ಅವಳೊಬ್ಬಳಿಗೇ ಪಾಠ ಹೇಳಿಸಿದೆವು. ಮೂರನೆಯ ತಿಂಗಳಿನ ಹೊತ್ತಿಗೆ ಅವಳು ಪಾಠದ ಸಮಯಕ್ಕೆ ಸರಿಯಾಗಿ ಹೊಟ್ಟೆನೋವು ತರಿಸಿಕೊಳ್ಳುವುದನ್ನು ಕಲಿತಿದ್ದಳು. ಆಮೇಲೆ ಎರಡು ವರ್ಷ ಗುಂಪಿನಲ್ಲಿ ನಗುನಗುತ್ತಾ ಕಲಿತಳು. ಮತ್ತೆ ಒಬ್ಬರ ಪಾಠಕ್ಕೆ ಮರಳಿದಾಗ ಹೊಸ ಟೀಚರ್ ಮೊದಲ ಆರು ವಾರಗಳನ್ನು ಅವಳ ಬಲಗೈಯ ಮಲಗಿಹೋಗಿದ್ದ ಕಿರುಬೆರಳನ್ನು ಎಬ್ಬಿಸುವುದರಲ್ಲೇ ಕಳೆದರು. ಎರಡೂ ಸಲ ಪಾಠದ ಬಗೆ ಕೆಟ್ಟದ್ದಾಗಿರಲಿಲ್ಲ, ನಾವು ಅದನ್ನು ಆರಿಸಿದ ಹೊತ್ತು ತಪ್ಪಾಗಿತ್ತು. ಟೀಚರುಗಳು ಒನ್‌-ಟು-ಒನ್ ಎನ್ನುವ ಒಬ್ಬರ ಪಾಠ ಕೈಯನ್ನು ತಿದ್ದುತ್ತದೆ, ಗುಂಪಿನ ಪಾಠ ಕಿವಿಯನ್ನೂ ಲಯವನ್ನೂ ತಿದ್ದುತ್ತದೆ. ನಿಮ್ಮ ಮಗುವಿಗೆ ಈ ವರ್ಷ ಯಾವುದು ಹೆಚ್ಚು ಬೇಕು ಎಂಬುದನ್ನು ಗೊತ್ತುಮಾಡಿಕೊಂಡರೆ ಆಯ್ಕೆ ತಾನಾಗಿ ಸ್ಪಷ್ಟವಾಗುತ್ತದೆ.

ಕೈಗೆ ಬೇಕಾದದ್ದು

ಮೊದಲ ವರ್ಷದಲ್ಲಿ ಕೈ ಕಲಿಯಬೇಕಾದವು ಹೊರಗಿನಿಂದ ನೋಡುವವರಿಗೆ ತೀರ ಚಿಕ್ಕವೆನಿಸುವ ಸಂಗತಿಗಳು. ಮೊಣಕೈ ಹೆಚ್ಚುಕಡಿಮೆ ಕೀಗಳ ಮಟ್ಟಕ್ಕೆ ಬರುವಷ್ಟು ಪೀಠ ಎತ್ತರವಿರಬೇಕು. ನೆಲಕ್ಕೆ ಎಟುಕದ ಕಾಲುಗಳ ಕೆಳಗೆ ಒಂದು ಮಣೆ ಇರಬೇಕು, ಇಲ್ಲದಿದ್ದರೆ ಮಗು ಬೀಳದಂತೆ ತನ್ನನ್ನು ತಾನು ಹಿಡಿದುಕೊಳ್ಳುವುದರಲ್ಲೇ ಹೆಗಲನ್ನು ಬಿಗಿಮಾಡಿಕೊಳ್ಳುತ್ತದೆ. ಬೆರಳು ಬಾಗಿರಬೇಕು, ಆದರೆ ಕೀ ಒತ್ತುವಾಗ ತುದಿಯ ಗೆಣ್ಣು ಒಳಕ್ಕೆ ಕುಸಿಯಬಾರದು. ಮಣಿಕಟ್ಟು ಕೀಗಳಿಗಿಂತ ಕೆಳಕ್ಕೆ ಜೋತುಬೀಳಬಾರದು. ಪಿಯಾನೊದಲ್ಲಿ ಎರಡೂ ಕೈಗಳ ಹೆಬ್ಬೆರಳು ಒಂದನೆಯದು, ಕಿರುಬೆರಳು ಐದನೆಯದು. ಬಲಗೈಯಲ್ಲಿ ಸಿ ಮೇಜರ್ ಸ್ಕೇಲನ್ನು, ಎಂದರೆ ಸಿಯಿಂದ ಹೊರಡುವ ಸ್ವರಗಳ ಸಾಲನ್ನು, ಏರಿಸುವಾಗ ಸಿ, ಡಿ, ಇ ಸ್ವರಗಳನ್ನು ಒಂದು, ಎರಡು, ಮೂರನೆಯ ಬೆರಳುಗಳು ನುಡಿಸಿದ ಕೂಡಲೇ ಹೆಬ್ಬೆರಳು ನಡುಬೆರಳಿನ ಕೆಳಗೆ ನುಸುಳಿ ಎಫ್ ಅನ್ನು ಹಿಡಿಯಬೇಕು. ಆ ನುಸುಳುವಿಕೆಯಲ್ಲಿ ಮೊಣಕೈ ಹೊರಕ್ಕೆ ಚಿಮ್ಮಿದರೆ ಸ್ವರಗಳು ಸರಿಯಾಗಿಯೇ ಕೇಳಿಸುತ್ತವೆ, ವೇಗ ಹೆಚ್ಚಾದ ದಿನ ಮಾತ್ರ ಎಲ್ಲವೂ ಮುಗ್ಗರಿಸುತ್ತದೆ. ಆ ದಿನ ಬರುವಷ್ಟರಲ್ಲಿ ಎರಡು ವರ್ಷ ಕಳೆದಿರಬಹುದು.

ಎಲ್ಲಕ್ಕಿಂತ ನಾಜೂಕಾದ ಘಟ್ಟವೆಂದರೆ ಎರಡೂ ಕೈಗಳನ್ನು ಸೇರಿಸಿ ಬೇರೆ ಬೇರೆ ಸ್ವರ ನುಡಿಸಲು ತೊಡಗುವುದು. ಒಂದು ಮಗುವಿಗೆ ಇದು ಎರಡು ವಾರದಲ್ಲಿ ಕೂಡಿಬರುತ್ತದೆ, ಅಷ್ಟೇ ಚುರುಕಾದ ಇನ್ನೊಂದಕ್ಕೆ ನಾಲ್ಕು ತಿಂಗಳು ಹಿಡಿಯುತ್ತದೆ. ಗುಂಪಿನ ಪಾಠದ ಗಾಡಿ ಈ ತಿರುವಿನಲ್ಲೇ ಸಾಮಾನ್ಯವಾಗಿ ಸಿಕ್ಕಿಕೊಳ್ಳುತ್ತದೆ: ಮುಂದೆ ಹೋದವರಿಗೆ ಬೇಸರ, ಹಿಂದೆ ಉಳಿದವರಿಗೆ ಅವಮಾನ, ನಡುವೆ ಟೀಚರಿಗೆ ಯಾರ ಕೈ ನೋಡಬೇಕೆಂಬ ಪೇಚಾಟ.

ಈ ಪೇಚಾಟ ಇಂದಿನದಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಐರ್ಲೆಂಡಿನ ಡಬ್ಲಿನ್ನಿನಲ್ಲಿ ಜೊಹಾನ್ ಬರ್ನ್‌ಹಾರ್ಡ್ ಲೋಜಿಯರ್ ಎಂಬ ಜರ್ಮನ್ ಮೂಲದ ಸಂಗೀತಗಾರ ಹಲವು ಪಿಯಾನೊಗಳನ್ನು ಒಂದೇ ಕೋಣೆಯಲ್ಲಿಟ್ಟು ಮಕ್ಕಳಿಗೆ ಒಟ್ಟಿಗೆ ಪಾಠ ಹೇಳುವ ಪದ್ಧತಿಯನ್ನು ಜನಪ್ರಿಯಗೊಳಿಸಿದ. ಅದರ ಹೆಸರು ಎಷ್ಟು ಹಬ್ಬಿತೆಂದರೆ ಅಂದಿನ ಜರ್ಮನ್ ರಾಜ್ಯವಾದ ಪ್ರಷ್ಯಾದ ಸರ್ಕಾರವೇ ಅವನನ್ನು ಬರ್ಲಿನ್ನಿಗೆ ಕರೆಸಿಕೊಂಡಿತು. ಅದೇ ಲೋಜಿಯರ್ 1814ರಲ್ಲಿ ಕೈರೊಪ್ಲಾಸ್ಟ್ ಎಂಬ ಸಾಧನಕ್ಕೆ ಪೇಟೆಂಟ್ ಪಡೆದಿದ್ದ. ಕೀಗಳ ಮುಂದೆ ಜೋಡಿಸುವ ಆ ಚೌಕಟ್ಟು ಕಲಿಯುವವರ ಮಣಿಕಟ್ಟನ್ನೂ ಬೆರಳುಗಳನ್ನೂ ಅಲುಗದಂತೆ ಹಿಡಿದಿಡುತ್ತಿತ್ತು. ಅಷ್ಟು ಮಕ್ಕಳ ಕೈಯನ್ನು ಒಬ್ಬನೇ ನೋಡಲಾಗದೆಂಬುದು ಗುಂಪಿನ ಪಾಠವನ್ನು ಹರಡಿದವನಿಗೇ ಗೊತ್ತಿತ್ತು ಎಂದು ನಾನು ಇದನ್ನು ಅರ್ಥಮಾಡಿಕೊಳ್ಳುತ್ತೇನೆ. ಚೌಕಟ್ಟು ಮೂಲೆಗುಂಪಾಯಿತು, ಸಮಸ್ಯೆ ಉಳಿಯಿತು.

ಕಿವಿಗೂ ಲಯಕ್ಕೂ ಬೇಕಾದದ್ದು

ಇಷ್ಟು ಹೇಳಿದ ಮೇಲೆ ಒಬ್ಬರ ಪಾಠವೇ ಮೇಲೆಂದು ತೀರ್ಮಾನಿಸಿಬಿಡಬೇಡಿ. ಒಂಟಿಯಾಗಿ ಕಲಿಯುವ ಮಗುವಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ: ತಪ್ಪು ಸ್ವರ ಬಂದ ತಕ್ಷಣ ನಿಲ್ಲುವುದು, ಹಿಂದಕ್ಕೆ ಹೋಗಿ ಸರಿಮಾಡಿಕೊಂಡು ಮುಂದುವರಿಯುವುದು. ಟೀಚರೂ ತಾಳ್ಮೆಯಿಂದ ಕಾಯುತ್ತಾರೆ, ಮನೆಯವರೂ ಕಾಯುತ್ತಾರೆ, ಕಾಯದೆ ನಡೆಯುವ ತಾಳ ಮಾತ್ರ ಮಗುವಿನ ಅನುಭವಕ್ಕೇ ಬರುವುದಿಲ್ಲ. ಭಜನೆಯಲ್ಲಿ ಸಾಲು ತಪ್ಪಿದವನು ಮುಂದಿನ ಸಾಲಿನಲ್ಲಿ ಬಂದು ಸೇರಿಕೊಳ್ಳುತ್ತಾನೆಯೇ ಹೊರತು ತನಗಾಗಿ ತಾಳವನ್ನು ನಿಲ್ಲಿಸುವುದಿಲ್ಲ. ನಾಲ್ಕು ಮಕ್ಕಳು ಒಟ್ಟಿಗೆ ನುಡಿಸುವ ಕೋಣೆಯಲ್ಲಿ ಈ ಪಾಠ ಯಾರೂ ಹೇಳದೆಯೇ ಆಗುತ್ತದೆ. ಒಬ್ಬರ ಪಾಠದಲ್ಲಿ ಟೀಚರ್ ಎಷ್ಟು ಸಲ ಹೇಳಿದರೂ ಅರ್ಧದಷ್ಟು ಆಗುವುದಿಲ್ಲ.

ಲಯದ ಎಣಿಕೆಯೂ ಹಾಗೆಯೇ. ಒಂದು ಮಾತ್ರೆಯನ್ನು ಎರಡಾಗಿ, ನಾಲ್ಕಾಗಿ ಒಡೆಯುವುದನ್ನು ಕಾಗದದ ಮೇಲಿನ ಚಿಹ್ನೆಗಳಿಂದ ವಿವರಿಸುವುದಕ್ಕಿಂತ ವೃತ್ತಾಕಾರವಾಗಿ ನಿಂತು ಚಪ್ಪಾಳೆ ತಟ್ಟಿ ಕಲಿಸುವುದು ಸುಲಭ. ತಕಧಿಮಿ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಇದು ಇನ್ನೂ ಬೇಗ ಹತ್ತುತ್ತದೆ; ಒಳ್ಳೆಯ ಟೀಚರಾದರೆ ಅದನ್ನೇ ಬಳಸಿಕೊಳ್ಳುತ್ತಾರೆ. ಐದು ಗೆರೆಗಳ ಸ್ವರಲಿಪಿಯನ್ನು ಓದುವುದು, ಕೇಳಿದ ಸ್ವರ ಮೇಲಿನದೋ ಕೆಳಗಿನದೋ ಎಂದು ಗುರುತಿಸುವುದು, ಇನ್ನೊಬ್ಬರ ಎದುರು ನುಡಿಸುವ ಅಂಜಿಕೆಯನ್ನು ಕಳೆದುಕೊಳ್ಳುವುದು, ಇವೆಲ್ಲಕ್ಕೂ ಓರಗೆಯವರ ಸ್ಪರ್ಧೆ ಮತ್ತು ಸಹವಾಸ ಬೇಕು. ಪಿಯಾನೊ ಕಲಿಯುವವರು ಸ್ವಭಾವತಃ ಒಂಟಿಗಳು. ವಯೊಲಿನ್ ಕಲಿಯುವ ಮಗುವಿಗೆ ವಾದ್ಯವೃಂದದ ಸಾಲಿನಲ್ಲಿ ಕುಳಿತು ನುಡಿಸುವ ಅವಕಾಶ ಎಂದಾದರೂ ಬರುತ್ತದೆ. ಪಿಯಾನೊದ ಮುಂದೆ ಇರುವುದು ಒಂದೇ ಪೀಠ.

ಸಣ್ಣ ಮಕ್ಕಳ ಸಂಗೀತ ಶಿಕ್ಷಣವನ್ನು ಗಂಭೀರವಾಗಿ ಯೋಚಿಸಿದವರು ಎರಡರಲ್ಲೊಂದನ್ನು ಪೂರ್ತಿ ಬಿಟ್ಟದ್ದು ಕಡಿಮೆ. ಅಪವಾದವೂ ಉಂಟು: ಜಪಾನಿನಲ್ಲಿ ವಾದ್ಯ ತಯಾರಿಸುವ ಯಮಾಹಾ ಸಂಸ್ಥೆ 1954ರಲ್ಲಿ ಟೋಕಿಯೊದಲ್ಲಿ ಆರಂಭಿಸಿದ ಪ್ರಾಯೋಗಿಕ ತರಗತಿಗಳು ಗುಂಪನ್ನೇ ನೆಚ್ಚಿಕೊಂಡವು. ಹಾಡುವುದು, ಕೇಳುವುದು, ಕೀಬೋರ್ಡ್ ನುಡಿಸುವುದು ಎಲ್ಲವೂ ಅಲ್ಲಿ ಒಟ್ಟೊಟ್ಟಿಗೆ. ಆದರೆ ಅದೇ ದೇಶದ ವಯೊಲಿನ್ ಶಿಕ್ಷಕ ಶಿನಿಚಿ ಸುಜುಕಿ, ಮಕ್ಕಳು ತಾಯ್ನುಡಿಯನ್ನು ಕಲಿಯುವಂತೆಯೇ ಸಂಗೀತವನ್ನೂ ಕಲಿಯಬೇಕೆಂದು ವಯೊಲಿನ್ನಿಗಾಗಿ ರೂಪಿಸಿದ ಪದ್ಧತಿ ಮುಂದೆ ಪಿಯಾನೊಗೂ ಹರಡಿತು. ಅದರಲ್ಲಿ ಪ್ರತಿ ಮಗುವಿಗೂ ಬೇರೆಯಾಗಿ ಪಾಠವುಂಟು, ಜೊತೆಗೆ ಗುಂಪಿನ ತರಗತಿಯೂ ಉಂಟು, ಪಾಠದಲ್ಲಿ ತಾಯಿಯೋ ತಂದೆಯೋ ಕುಳಿತು ತಾವೂ ಕಲಿಯುವ ಕಟ್ಟುಪಾಡೂ ಉಂಟು.

ಗುಂಪು ಎಂದರೆ ಯಾವ ಗುಂಪು?

ವಿಚಾರಿಸಲು ಹೋದಾಗ ‘ನಮ್ಮಲ್ಲಿ ಗ್ರೂಪ್ ಕ್ಲಾಸ್ ಇದೆ’ ಎಂಬ ಒಂದೇ ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ವ್ಯವಸ್ಥೆಗಳು ಇರಬಹುದು. ಹೆತ್ತವರು ಮೋಸಹೋಗುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ನಿಂತು ನೋಡಬೇಕು.

ಮೊದಲನೆಯದು ನಿಜವಾದ ಗುಂಪು. ಒಂದೇ ವಯಸ್ಸಿನ, ಒಂದೇ ಮಟ್ಟದ ನಾಲ್ಕರಿಂದ ಆರು ಮಕ್ಕಳು ಒಂದೇ ದಿನ ಆರಂಭಿಸಿ ಒಟ್ಟಿಗೆ ಮುಂದುವರಿಯುತ್ತಾರೆ; ಹಾಡು, ಚಪ್ಪಾಳೆ, ಆಟ, ಸ್ವರಲಿಪಿಯ ಓದು, ಸರದಿಯ ಮೇಲೆ ನುಡಿಸುವುದು, ಕೊನೆಗೆ ಎಲ್ಲರೂ ಸೇರಿ ನುಡಿಸುವುದು ಹೀಗೆ ಗಂಟೆಯ ಪಾಠ ಸಾಗುತ್ತದೆ. ಗುಂಪಿನ ಪಾಠದ ಗುಣವೆಂದು ಮೇಲೆ ಹೇಳಿದ್ದೆಲ್ಲ ಸಿಗುವುದು ಇದರಲ್ಲಿ ಮಾತ್ರ.

ಎರಡನೆಯದು ಹೆಡ್‌ಫೋನಿನ ಕೋಣೆ. ಪ್ರತಿ ಮಗುವಿನ ಮುಂದೆ ಒಂದು ಡಿಜಿಟಲ್ ಪಿಯಾನೊ, ಕಿವಿಗೆ ಹೆಡ್‌ಫೋನ್. ಟೀಚರ್ ಒಬ್ಬೊಬ್ಬರ ಬಳಿಗೆ ಹೋಗಿ, ಇಲ್ಲವೇ ತಮ್ಮ ಜಾಗದಿಂದಲೇ ಒಬ್ಬೊಬ್ಬರನ್ನು ಆಲಿಸಿ ತಿದ್ದುತ್ತಾರೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಹುಟ್ಟಿ ಬೆಳೆದ ಈ ಪಿಯಾನೊ ಲ್ಯಾಬ್ ದೊಡ್ಡವರಿಗೆ ಅನುಕೂಲವಾದದ್ದು. ಆರು ವರ್ಷದ ಮಗು ಹೆಡ್‌ಫೋನ್ ಹಾಕಿಕೊಂಡು ತಪ್ಪನ್ನೇ ಹತ್ತು ನಿಮಿಷ ನುಡಿಸುತ್ತಿದ್ದರೆ ಹಿಡಿಯುವವರು ಯಾರೂ ಇರುವುದಿಲ್ಲ. ಗುಂಪಿನ ಸಹವಾಸವೂ ಇಲ್ಲ, ಒಬ್ಬರ ಪಾಠದ ಗಮನವೂ ಇಲ್ಲ. ಎಂಟು ದಾಟಿದ, ತಾನೇ ಓದಿಕೊಂಡು ಅಭ್ಯಾಸ ಮಾಡಬಲ್ಲ ಮಗುವಾದರೆ ಅದರ ಮಾತು ಬೇರೆ.

ಮೂರನೆಯದು ನಮ್ಮ ಬಡಾವಣೆಗಳಲ್ಲೂ ಅಪಾರ್ಟ್‌ಮೆಂಟುಗಳಲ್ಲೂ ಕಾಣುವ ಸರದಿ ಪಾಠ. ಒಂದೇ ಪಿಯಾನೊ, ಅಥವಾ ಒಂದೇ ಕೀಬೋರ್ಡು, ಆರು ಮಕ್ಕಳು. ಒಬ್ಬರು ನುಡಿಸುವಾಗ ಉಳಿದ ಐವರು ಹಿಂದಿನ ಸಾಲಿನಲ್ಲಿ ಶಾಲೆಯ ಹೋಂವರ್ಕ್ ಮಾಡುತ್ತಿರುತ್ತಾರೆ. ಗಂಟೆಯಲ್ಲಿ ಮಗುವಿಗೆ ಸಿಕ್ಕುವುದು ಹತ್ತು ನಿಮಿಷ. ಕಾಯುವ ಐವರಿಗೆ ಟೀಚರ್ ಕೇಳುವ, ಎಣಿಸುವ, ಬರೆಯುವ ಕೆಲಸ ಕೊಟ್ಟಿದ್ದರೆ ಇದನ್ನೂ ಒಪ್ಪಬಹುದು. ಕೊಡದಿದ್ದರೆ ಗುಂಪಿನ ಹೆಸರಿನಲ್ಲಿ ನೀವು ಕೊಳ್ಳುತ್ತಿರುವುದು ಹತ್ತು ನಿಮಿಷದ ಒಬ್ಬರ ಪಾಠ.

ನಾಲ್ಕನೆಯದು ಜೋಡಿ ಪಾಠ, ಇಬ್ಬರೇ ಮಕ್ಕಳು. ಕೇಳಿದರೆ ಮಾತ್ರ ಸಿಗುವ, ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಏರ್ಪಾಡು ಇದು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಪಿಯಾನೊ ಬೋಧನೆಯನ್ನು ರೂಪಿಸಿದ ರಾಬರ್ಟ್ ಪೇಸ್ ಇಬ್ಬರ ಪಾಠ ಮತ್ತು ದೊಡ್ಡ ಗುಂಪಿನ ಪಾಠ ಎರಡನ್ನೂ ಹೆಣೆದು ನಡೆಸುವುದನ್ನು ಪ್ರತಿಪಾದಿಸಿದರು. ಇಬ್ಬರಿರುವಲ್ಲಿ ಟೀಚರಿಗೆ ನಾಲ್ಕು ಕೈಗಳನ್ನೂ ನೋಡಲು ಬಿಡುವುಂಟು. ಒಬ್ಬರ ತಪ್ಪನ್ನು ಇನ್ನೊಬ್ಬರು ಕೇಳಿ ಹೇಳುತ್ತಾರೆ. ಒಂದೇ ಪಿಯಾನೊದಲ್ಲಿ ನಾಲ್ಕು ಕೈಗಳಿಗೆಂದು ಬರೆದ ಕೃತಿಗಳು ಆರಂಭದ ಮಟ್ಟದಿಂದಲೇ ದೊರೆಯುತ್ತವೆ. ತೊಡಕು ಒಂದೇ: ಜೊತೆಯ ಮಗು ಊರು ಬಿಟ್ಟರೆ ಅಥವಾ ಬೇಸತ್ತು ನಿಲ್ಲಿಸಿದರೆ ಏರ್ಪಾಡು ಮುರಿಯುತ್ತದೆ. ಅಣ್ಣ ತಮ್ಮಂದಿರನ್ನು ಜೋಡಿಯಾಗಿ ಕೂರಿಸುವ ಆಸೆ ಸಹಜವಾದರೂ ವಯಸ್ಸಿನ ಅಂತರ ಎರಡು ವರ್ಷಕ್ಕಿಂತ ಹೆಚ್ಚಿದ್ದರೆ ಬೇಡ. ಕಿರಿಯದು ಬೇಗ ಕಲಿತುಬಿಟ್ಟರೆ ಹಿರಿಯದು ಪಿಯಾನೊವನ್ನೇ ಬಿಡುವುದನ್ನು ನೋಡಿದ್ದೇನೆ.

ವಯಸ್ಸು, ಸ್ವಭಾವ

ನಾಲ್ಕರಿಂದ ಆರು ವರ್ಷದ ಮಗುವಿಗೆ ನಿಜವಾದ ಗುಂಪು ಹತ್ತಿರದಲ್ಲಿ ಸಿಕ್ಕುವುದಾದರೆ ಅಲ್ಲಿಗೇ ಸೇರಿಸಿ. ಆ ವಯಸ್ಸಿನ ಬೆರಳುಗಳಿಗೆ ಹೆಚ್ಚು ಕೆಲಸ ಕೊಡಲಾಗುವುದಿಲ್ಲ, ಅರ್ಧ ಗಂಟೆ ಒಂದೇ ಪೀಠದ ಮೇಲೆ ಕೂರಿಸಲೂ ಆಗುವುದಿಲ್ಲ; ಕಿವಿ ಮಾತ್ರ ಹಸಿದಿರುತ್ತದೆ. ಏಳರಿಂದ ಒಂಬತ್ತರ ನಡುವೆ, ಎರಡು ಕೈ ಸೇರುವ ಘಟ್ಟಕ್ಕೆ ಸ್ವಲ್ಪ ಮೊದಲು, ಒಬ್ಬರ ಪಾಠಕ್ಕೆ ದಾಟುವುದು ಸೂಕ್ತ. ಹತ್ತರ ನಂತರ ಆರಂಭಿಸುವ ಮಗುವನ್ನು ಮೊದಲಿನಿಂದಲೇ ಒಬ್ಬರ ಪಾಠಕ್ಕೆ ಕಳಿಸಿ, ಏಕೆಂದರೆ ಆರಂಭದ ಗುಂಪುಗಳಲ್ಲಿ ಇರುವವರೆಲ್ಲ ಸಾಮಾನ್ಯವಾಗಿ ಚಿಕ್ಕವರು. ಐದನೆಯ ತರಗತಿಯ ಹುಡುಗನನ್ನು ಯುಕೆಜಿ ಮಕ್ಕಳ ಪಕ್ಕ ಕೂರಿಸಿ ಕಪ್ಪೆಯ ಹಾಡು ನುಡಿಸಿದರೆ ಅವನು ಎರಡನೆಯ ವಾರಕ್ಕೆ ಬರುವುದಿಲ್ಲ.

ಸ್ವಭಾವದ ವಿಷಯದಲ್ಲಿ ಹೆತ್ತವರು ಊಹಿಸುವುದಕ್ಕೆ ವಿರುದ್ಧವಾದದ್ದೇ ಎಷ್ಟೋ ಸಲ ನಿಜವಾಗುತ್ತದೆ. ನಾಚಿಕೆಯ ಮಗುವಿಗೆ ಒಬ್ಬರ ಪಾಠವೇ ಹಿತವೆಂದು ತೋರುತ್ತದೆ; ಆದರೆ ಪರಿಚಯವಿಲ್ಲದ ದೊಡ್ಡವರೊಬ್ಬರ ಕಣ್ಣು ಅರ್ಧ ಗಂಟೆ ತನ್ನ ಬೆರಳುಗಳ ಮೇಲೆಯೇ ನೆಟ್ಟಿರುವುದು ಅಂಥ ಮಗುವಿಗೆ ಗುಂಪಿಗಿಂತ ಹೆಚ್ಚಿನ ಕಷ್ಟ. ಗುಂಪಿನಲ್ಲಿ ಅದು ಹಿಂದೆ ನಿಂತು, ಕೇಳಿಸಿಕೊಂಡು, ತನಗೆ ಬೇಕಾದಾಗ ಮುಂದೆ ಬರಬಹುದು. ಬದಲಿಗೆ ಸದಾ ಮುಂದೆ ನುಗ್ಗುವ, ಎಲ್ಲರಿಗಿಂತ ಮೊದಲು ಮುಗಿಸಿ ಕೂಗುವ ಮಗುವಿಗೆ ಒಬ್ಬರ ಪಾಠದ ನಿಶ್ಶಬ್ದ ಒಳ್ಳೆಯದು. ಸ್ವಲ್ಪ ಶಬ್ದವಾದರೂ ತಲ್ಲಣಿಸುವ ಮಕ್ಕಳಿಗೆ, ಗಮನ ಬೇಗ ಚದುರುವ ಮಕ್ಕಳಿಗೆ ಆರು ವಾದ್ಯಗಳ ಕೋಣೆ ಹಿಂಸೆಯಾಗಬಹುದು. ಅವರ ವಿಷಯದಲ್ಲಿ ವಯಸ್ಸಿನ ನಿಯಮವನ್ನು ಬದಿಗಿಟ್ಟು ಒಬ್ಬರ ಪಾಠವನ್ನೇ, ಅದೂ ಇಪ್ಪತ್ತು ನಿಮಿಷಕ್ಕೆ ಮೀರದಂತೆ, ಆರಿಸಿ.

ಒಬ್ಬರ ಪಾಠವೆಂದರೆ ಮಗು ಒಬ್ಬ ವಯಸ್ಕರ ಜೊತೆ ಒಂದು ಕೋಣೆಯಲ್ಲಿ ಇರುವುದು ಎಂಬುದನ್ನೂ ಸಂಕೋಚವಿಲ್ಲದೆ ಯೋಚಿಸಬೇಕು. ಬಾಗಿಲು ತೆರೆದಿರಲಿ, ಮನೆಯವರೊಬ್ಬರು ಕಣ್ಣಿಗೆ ಬೀಳುವಲ್ಲಿ ಅಥವಾ ಕೊನೆಯ ಪಕ್ಷ ಕಿವಿಗೆ ಕೇಳುವಷ್ಟು ದೂರದಲ್ಲಿ ಕುಳಿತಿರಲಿ. ಇದಕ್ಕೆ ಬೇಸರಿಸಿಕೊಳ್ಳುವ ಟೀಚರ್ ಬೇಡ.

ಹಣದ ಲೆಕ್ಕ, ವಾದ್ಯದ ಲೆಕ್ಕ

ಶುಲ್ಕವನ್ನು ತಿಂಗಳ ಲೆಕ್ಕದಲ್ಲಿ ಹೋಲಿಸಬೇಡಿ. ಮಗುವಿನ ಬೆರಳು ಕೀಗಳ ಮೇಲಿರುವ ನಿಮಿಷಗಳ ಲೆಕ್ಕದಲ್ಲಿ ಹೋಲಿಸಿ. ಲೆಕ್ಕಕ್ಕಾಗಿ ಗುಂಪಿನ ಪಾಠಕ್ಕೆ ತಿಂಗಳಿಗೆ 2,000 ರೂಪಾಯಿ, ಒಬ್ಬರ ಪಾಠಕ್ಕೆ 4,000 ರೂಪಾಯಿ ಎಂದಿಟ್ಟುಕೊಳ್ಳೋಣ, ಎರಡರಲ್ಲೂ ತಿಂಗಳಿಗೆ ನಾಲ್ಕು ತರಗತಿ. ಒಂದು ಗಂಟೆಯ ಸರದಿ ಪಾಠದಲ್ಲಿ ಆರು ಮಕ್ಕಳಿದ್ದರೆ ತಿಂಗಳಿಗೆ ಸಿಕ್ಕುವುದು 40 ನಿಮಿಷ, ನಿಮಿಷಕ್ಕೆ 50 ರೂಪಾಯಿ. ಅರ್ಧ ಗಂಟೆಯ ಒಬ್ಬರ ಪಾಠದಲ್ಲಿ 120 ನಿಮಿಷ, ನಿಮಿಷಕ್ಕೆ 33 ರೂಪಾಯಿ. ಅಗ್ಗವೆಂದು ಕಂಡದ್ದು ತುಟ್ಟಿಯಾಯಿತು. ನಿಜವಾದ ಗುಂಪಿನಲ್ಲಿ ಈ ಲೆಕ್ಕ ಅನ್ವಯಿಸುವುದಿಲ್ಲ, ಅಲ್ಲಿ ಕಾಯುವ ಹೊತ್ತೂ ಪಾಠವೇ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯವಾದದ್ದು. ಮನೆಯಲ್ಲಿ ವಾದ್ಯವಿಲ್ಲದೆ ಒಬ್ಬರ ಪಾಠಕ್ಕೆ ಸುರಿಯುವ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ, ಏಕೆಂದರೆ ಟೀಚರ್ ತಿದ್ದಿದ ಕೈಯನ್ನು ವಾರದ ಉಳಿದ ಆರು ದಿನ ಉಳಿಸಿಕೊಳ್ಳಲು ಬೇರೆ ದಾರಿಯಿಲ್ಲ. ಪೂರ್ಣ ಪಿಯಾನೊಗೆ 88 ಕೀಗಳು, 52 ಬಿಳಿ ಮತ್ತು 36 ಕಪ್ಪು. ನಮ್ಮ ಮನೆಗಳಲ್ಲಿ ಹುಟ್ಟುಹಬ್ಬಕ್ಕೆ ಬರುವ ಕೀಬೋರ್ಡಿಗೆ ಸಾಮಾನ್ಯವಾಗಿ 61. ಕೀಗಳ ಸಂಖ್ಯೆ ಮೊದಲ ವರ್ಷ ಅಷ್ಟು ದೊಡ್ಡ ಕೊರತೆಯಲ್ಲ, ಕೀಗಳ ತೂಕ ಕೊರತೆ. ಪಿಯಾನೊದಲ್ಲಿ ಕೀ ಒತ್ತಿದರೆ ಸುತ್ತಿಗೆಯೊಂದು ತಂತಿಗೆ ಬಡಿಯುತ್ತದೆ, ಒತ್ತುವ ರಭಸಕ್ಕೆ ತಕ್ಕಂತೆ ನಾದ ಏರಿಳಿಯುತ್ತದೆ. ಆ ಭಾರವನ್ನು ಅನುಕರಿಸುವ, ವೆಯ್ಟೆಡ್ ಕೀ ಎಂದು ಅಂಗಡಿಯವರು ಹೇಳುವ ಡಿಜಿಟಲ್ ಪಿಯಾನೊದ ಮೇಲೆ ಕಲಿತ ಬೆರಳು ಮುಂದೆ ಎಲ್ಲಿ ಬೇಕಾದರೂ ನಡೆಯುತ್ತದೆ. ಹಗುರ ಕೀಬೋರ್ಡಿನ ಮೇಲೆ ಕಲಿತದ್ದು ನಡೆಯುವುದಿಲ್ಲ. ಆದ್ದರಿಂದ ಕೈಯಲ್ಲಿರುವ ಹಣ ಒಂದಕ್ಕೆ ಮಾತ್ರ ಸಾಲುವುದಾದರೆ ಮೊದಲ ವರ್ಷ ಗುಂಪಿನ ಪಾಠಕ್ಕೆ ಸೇರಿಸಿ, ಉಳಿದದ್ದನ್ನು ಕೂಡಿಟ್ಟು ವಾದ್ಯ ಕೊಳ್ಳಿ. ವಾದ್ಯ ಮನೆಗೆ ಬಂದ ಮೇಲೆ ಒಬ್ಬರ ಪಾಠ.

ಹತ್ತಿರದಲ್ಲಿ ಟೀಚರೇ ಇಲ್ಲದ ಊರಿನವರಿಗೆ ಆನ್‌ಲೈನ್ ಪಾಠವೊಂದೇ ಗತಿಯಾಗಬಹುದು. ಹಾಗಾದಲ್ಲಿ ಒಬ್ಬರ ಪಾಠವನ್ನೇ ಆರಿಸಬೇಕು, ಇದರಲ್ಲಿ ಎರಡು ಮಾತಿಲ್ಲ. ಅಂತರ್ಜಾಲದಲ್ಲಿ ಶಬ್ದ ತಲುಪಲು ತಗಲುವ ವಿಳಂಬದಿಂದ ಸಾಮಾನ್ಯ ವಿಡಿಯೊ ಕರೆಯಲ್ಲಿ ಇಬ್ಬರು ಒಟ್ಟಿಗೆ ನುಡಿಸುವುದು ಸಾಧ್ಯವಾಗುವುದಿಲ್ಲ. ಒಟ್ಟಿಗೆ ನುಡಿಸಲಾಗದ ಗುಂಪಿನಿಂದ ಪ್ರಯೋಜನವೂ ಇಲ್ಲ. ಕ್ಯಾಮೆರಾವನ್ನು ಮುಖದ ಎದುರಿಗಲ್ಲ, ಕೈಗಳು ಮಣಿಕಟ್ಟಿನ ಸಮೇತ ಕಾಣುವಂತೆ ಪಕ್ಕದಿಂದ ಅಥವಾ ಮೇಲಿನಿಂದ ಇಡಿ.

ಪರೀಕ್ಷೆಯ ಗುರಿಯಿದ್ದರೆ

ಬೆಂಗಳೂರಿನಲ್ಲಿ ಪಿಯಾನೊ ಕಲಿಸುವವರಲ್ಲಿ ಹಲವರು ಮಕ್ಕಳನ್ನು ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಲಿಗಳಾದ ಎಬಿಆರ್‌ಎಸ್‌ಎಂ ಅಥವಾ ಟ್ರಿನಿಟಿ ಕಾಲೇಜ್ ಲಂಡನ್ನಿನ ಗ್ರೇಡ್ ಪರೀಕ್ಷೆಗಳಿಗೆ ಸಿದ್ಧಪಡಿಸುತ್ತಾರೆ. ಲಂಡನ್ನಿನ ಸಂಗೀತ ಪದವಿಯ ಆಕರ್ಷಣೆ ನಮ್ಮ ನಾಡಿಗೆ ಹೊಸದಲ್ಲ. ಪಿಯಾನೊ ವಾದಕರೇ ಆಗಬೇಕೆಂದು ಬಯಸಿದ್ದ ಮೈಸೂರಿನ ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದ ಮೇಲೂ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದಿದ್ದರು. ಮೊದಲು ಹೇಳಿದ ಎರಡು ಮಂಡಲಿಗಳಲ್ಲೂ ಇನಿಷಿಯಲ್ ಎಂಬ ಆರಂಭದ ಮಟ್ಟದ ಮೇಲೆ ಒಂದರಿಂದ ಎಂಟರವರೆಗೆ ಗ್ರೇಡುಗಳಿವೆ.

ಎಬಿಆರ್‌ಎಸ್‌ಎಂನ ಪ್ರಾಕ್ಟಿಕಲ್ ಗ್ರೇಡಿನ ಅಂಕಗಳನ್ನು ಬಿಡಿಸಿ ನೋಡಿದರೆ ನಮ್ಮ ಪ್ರಶ್ನೆಗೆ ಅಲ್ಲಿಯೂ ಉತ್ತರವಿದೆ. ಒಟ್ಟು 150 ಅಂಕ. ಮೂರು ಕೃತಿಗಳಿಗೆ 30ರಂತೆ 90, ಸ್ಕೇಲುಗಳಿಗೆ 21, ಮೊದಲ ನೋಟಕ್ಕೇ ಸ್ವರಲಿಪಿ ಓದಿ ನುಡಿಸುವುದಕ್ಕೆ 21, ಕಿವಿಯ ಪರೀಕ್ಷೆಗೆ 18. ನೂರು ಬಂದರೆ ಉತ್ತೀರ್ಣ, 120ಕ್ಕೆ ಮೆರಿಟ್, 130ಕ್ಕೆ ಡಿಸ್ಟಿಂಕ್ಷನ್. ಕೃತಿ ಮತ್ತು ಸ್ಕೇಲುಗಳ 111 ಅಂಕ ಕೈಯದು, ಒಬ್ಬರ ಪಾಠದ ಫಲ. ಉಳಿದ 39 ಅಂಕ ಕಣ್ಣು ಕಿವಿಗಳದು. ಒಬ್ಬರ ಪಾಠದಲ್ಲೇ ಬೆಳೆದ ಮಕ್ಕಳು ಕೃತಿಗಳನ್ನು ಸೊಗಸಾಗಿ ನುಡಿಸಿ ಈ 39ರಲ್ಲಿ ಅಂಕ ಚೆಲ್ಲಿ ಬರುವುದು ಸಾಮಾನ್ಯ ದೃಶ್ಯ. ಇನಿಷಿಯಲ್ ಮಟ್ಟಕ್ಕೆ ಒಳ್ಳೆಯ ಗುಂಪಿನಿಂದ ನೇರವಾಗಿ ಹೋಗಬಹುದು. ಗ್ರೇಡ್ ಒಂದರಿಂದ ಮುಂದಕ್ಕೆ ಒಬ್ಬರ ಪಾಠವಿಲ್ಲದೆ ಕಷ್ಟ. ಗ್ರೇಡಿನ ಸಲುವಾಗಿ ಇಡೀ ವರ್ಷ ಮೂರೇ ಕೃತಿಗಳನ್ನು ಉಜ್ಜಿಸುವ ಪಾಠ, ಒಬ್ಬರದಾಗಲಿ ಗುಂಪಿನದಾಗಲಿ, ಬೇಡ.

ಟ್ರಯಲ್ ಕ್ಲಾಸಿನಲ್ಲಿ ನೋಡಬೇಕಾದದ್ದು

ಸೇರಿಸುವ ಮೊದಲು ಒಂದು ಪಾಠವನ್ನು ಮಗುವಿನೊಂದಿಗೆ ಕುಳಿತು ನೋಡಿ, ಫೋನನ್ನು ಚೀಲದಲ್ಲಿಡಿ. ಗುಂಪಿನ ಪಾಠವಾದರೆ ಒಂದೇ ಮಗುವನ್ನು ಆರಿಸಿಕೊಂಡು, ಅದು ನಿಮ್ಮ ಮಗುವೇ ಆಗಬೇಕಿಲ್ಲ, ಆ ಮಗು ನುಡಿಸುವ, ಹಾಡುವ, ತಟ್ಟುವ ನಿಮಿಷಗಳೆಷ್ಟು, ಸುಮ್ಮನೆ ಕಾಯುವ ನಿಮಿಷಗಳೆಷ್ಟು ಎಂದು ಎಣಿಸಿ. ಕಾಯುವುದು ಅರ್ಧಕ್ಕಿಂತ ಹೆಚ್ಚಾದರೆ ಮುಂದಿನ ವಿಳಾಸ ಹುಡುಕಿ. ಒಬ್ಬರ ಪಾಠವಾದರೆ ಟೀಚರ್ ಎಲ್ಲಿ ಕೂರುತ್ತಾರೆ ನೋಡಿ: ಕೈಗಳು ಕಾಣುವಂತೆ ಪಕ್ಕದಲ್ಲೋ, ಪುಸ್ತಕ ಮಾತ್ರ ಕಾಣುವಂತೆ ಹಿಂದೆಯೋ? ಪೀಠದ ಎತ್ತರವನ್ನು ಮಗುವಿಗೆ ಹೊಂದಿಸಿದರೇ? ತಾವೂ ನುಡಿಸಿ ತೋರಿಸಿದರೇ, ಇಲ್ಲವೇ ಬಾಯಲ್ಲೇ ಹೇಳಿ ಮುಗಿಸಿದರೇ? ಮಗು ತಪ್ಪಿದಾಗ ತಕ್ಷಣ ತಡೆದರೇ, ಸಾಲು ಮುಗಿಯುವ ತನಕ ಬಿಟ್ಟರೇ?

ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಗುಂಪಿನ ಟೀಚರಿಗೆ: ಒಂದು ಮಗು ಹಿಂದುಳಿದರೆ ಏನು ಮಾಡುತ್ತೀರಿ, ಹೊಸ ಮಗುವನ್ನು ವರ್ಷದ ನಡುವೆ ಸೇರಿಸಿಕೊಳ್ಳುತ್ತೀರಾ, ತಪ್ಪಿದ ತರಗತಿಗೆ ಪ್ರತಿಯಾಗಿ ಏನುಂಟು. ನಡುವೆ ಯಾರನ್ನು ಬೇಕಾದರೂ ಸೇರಿಸಿಕೊಳ್ಳುತ್ತೇವೆ ಎಂಬ ಉತ್ತರ ಬಂದರೆ ಅದು ನಿಜವಾದ ಗುಂಪಲ್ಲ, ಸರದಿ ಪಾಠವೆಂದು ತಿಳಿಯಿರಿ. ಒಬ್ಬರಿಗೆ ಹೇಳುವ ಟೀಚರಿಗೆ ಒಂದೇ ಪ್ರಶ್ನೆ: ನಿಮ್ಮ ಮಕ್ಕಳೆಲ್ಲ ಒಬ್ಬರೆದುರು ಒಬ್ಬರು ನುಡಿಸುವುದು ಯಾವಾಗ? ತಿಂಗಳಿಗೊಮ್ಮೆ ಮನೆಯಲ್ಲೇ ಹತ್ತು ಮಕ್ಕಳನ್ನು ಸೇರಿಸಿ, ತಿಂಡಿ ಕೊಟ್ಟು, ಇಬ್ಬಿಬ್ಬರನ್ನು ಕೂರಿಸಿ ನುಡಿಸುವ ಟೀಚರ್ ಸಿಕ್ಕಿದರೆ ಗುಂಪಿನ ಕೊರತೆ ಬಹುಮಟ್ಟಿಗೆ ನೀಗಿತು. ಅಂಥವರು ಸಿಗದಿದ್ದರೆ ಮಗುವನ್ನು ಶಾಲೆಯ ಅಥವಾ ಚರ್ಚಿನ ಕಾಯರ್‌ಗೆ ಸೇರಿಸಿ, ಅದೂ ಆಗದಿದ್ದರೆ ಕರ್ನಾಟಕ ಸಂಗೀತದ ಗುಂಪಿನ ಪಾಠಕ್ಕೆ ಕಳಿಸಿ. ತಾಳ ನಿಲ್ಲದೆ ನಡೆಯುವ ಯಾವ ಕೋಣೆಯಾದರೂ ಕೆಲಸ ಮಾಡುತ್ತದೆ.

ಬದಲಿಸುವ ಹೊತ್ತು

ಗುಂಪಿನಿಂದ ಒಬ್ಬರ ಪಾಠಕ್ಕೆ ದಾಟುವ ಹೊತ್ತು ಬಂದಿದೆಯೆಂದು ತಿಳಿಯಲು ಮನೆಯ ಅಭ್ಯಾಸವನ್ನು ನೋಡಿದರೆ ಸಾಕು. ಮಗು ಪಾಠದಲ್ಲಿ ಕಲಿಸಿದ್ದನ್ನು ಎರಡೇ ದಿನದಲ್ಲಿ ಮುಗಿಸಿ ಪುಸ್ತಕದ ಮುಂದಿನ ಪುಟಗಳನ್ನು ತಾನೇ ತೆಗೆಯುತ್ತಿದ್ದರೆ ಗುಂಪು ಅದಕ್ಕೆ ಸಾಲುತ್ತಿಲ್ಲ. ಪಾಠದಲ್ಲಿ ಎಲ್ಲರ ಜೊತೆ ಸರಿಯಾಗಿ ನುಡಿಸಿದಂತೆ ಕಂಡು ಮನೆಯಲ್ಲಿ ಒಂಟಿಯಾಗಿ ಒಂದು ಸಾಲೂ ನುಡಿಸಲಾರದಿದ್ದರೆ ಅದು ಗುಂಪಿನಲ್ಲಿ ಅಡಗಿಕೊಂಡಿದೆ. ಮಣಿಕಟ್ಟು ನೋಯುತ್ತದೆಂದರೆ ತಡಮಾಡಬೇಡಿ. ಒಬ್ಬರ ಪಾಠದಿಂದ ಗುಂಪಿಗೆ ಹೋಗಬೇಕಾದ ಸಂದರ್ಭವೂ ಉಂಟು: ಕೈ ಚೆನ್ನಾಗಿದ್ದೂ ಮಗು ಯಾರೆದುರೂ ನುಡಿಸಲು ಒಪ್ಪದಿದ್ದಾಗ, ಅಥವಾ ಅಭ್ಯಾಸಕ್ಕೆ ಕೂರಿಸುವುದು ದಿನವೂ ಜಗಳವಾಗುತ್ತಿರುವಾಗ, ಒಂದು ವರ್ಷ ಗುಂಪಿಗೆ ಕಳಿಸಿದರೆ ನಷ್ಟವಿಲ್ಲ.

ಯಾವ ಬದಲಾವಣೆಯನ್ನಾದರೂ ಟರ್ಮಿನ ಕೊನೆಯಲ್ಲಿ, ಕೈಯಲ್ಲಿರುವ ಕೃತಿಯನ್ನು ಮುಗಿಸಿ ಮಾಡಿ. ಅರ್ಧಕ್ಕೆ ಬಿಟ್ಟ ಕೃತಿ ಮಗುವಿನ ಮನಸ್ಸಿನಲ್ಲಿ ಸೋಲಾಗಿ ಉಳಿಯುತ್ತದೆ. ಬಿಡುವ ಟೀಚರಿಗೆ ಒಂದು ತಿಂಗಳು ಮುಂಚಿತವಾಗಿ ತಿಳಿಸಿ, ಮಗುವಿನ ಕೈಯಲ್ಲಿ ಅವರು ಕಂಡ ದೋಷವೇನು, ಬಲವೇನು ಎಂದು ಬರೆದುಕೊಳ್ಳಿ. ಹೊಸ ಟೀಚರ ಬಳಿಗೆ ಮೊದಲ ದಿನ ಹೋಗುವಾಗ ಹಳೆಯ ಪುಸ್ತಕ, ಅಭ್ಯಾಸದ ಡೈರಿ, ಮಗು ಮನೆಯಲ್ಲಿ ನುಡಿಸುವಾಗ ಕೈಗಳು ಕಾಣುವಂತೆ ತೆಗೆದ ಎರಡು ನಿಮಿಷದ ವಿಡಿಯೊ, ಈ ಮೂರನ್ನೂ ಒಯ್ಯಿರಿ. ಹೊಸಬರೆದುರು ಮಗು ಅಂದು ಏನನ್ನೂ ನುಡಿಸದೇ ಹೋಗಬಹುದು.